ಗಡಿ ದಾಟಿದ ಕಪ್ಪು ಕಲ್ಲು: ಗದಗ ಸೀಮೆಯಿಂದ ಒಂದು ಖನಿಜ ಚರಿತ್ರೆ

ನಮ್ಮ ಗದಗ ಸೀಮೆಯಲ್ಲಿ ಬಹುಕಾಲ 'ಬ್ಯಾಟರಿ' ಎಂಬ ಮಾತಿಗೆ ಒಂದೇ ಅರ್ಥವಿತ್ತು. ರಾತ್ರಿ ಹೊಲಕ್ಕೆ ನೀರು ಹಾಯಿಸಲು ಹೋಗುವವರು ಕೈಯಲ್ಲಿ ಹಿಡಿಯುವ ಟಾರ್ಚಿಗೆ ಜನ ಬ್ಯಾಟರಿ ಎನ್ನುತ್ತಿದ್ದರು. ಅದರ ಸೆಲ್ ಮುಗಿದ ಮೇಲೆ ಮಕ್ಕಳು ಕಲ್ಲಿನಿಂದ ಜಜ್ಜಿ ಒಡೆಯುತ್ತಿದ್ದರು. ನಡುವೆ ಇರುವ ಕರಿ ಕಡ್ಡಿ ಗೋಡೆಯ ಮೇಲೆ ಗೀಚಲು ಬೇಕಾಗುತ್ತಿತ್ತು. ಕಡ್ಡಿಯ ಸುತ್ತ ತುಂಬಿದ್ದ ಕಪ್ಪು ಪುಡಿ ಕೈಗೆ, ಅಂಗಿಗೆ ಹತ್ತಿ ಮನೆಯಲ್ಲಿ ಬೈಗುಳ ತಿನ್ನಿಸುತ್ತಿತ್ತು. ಆ ಕಪ್ಪು ಪುಡಿ ಬೇರೇನೂ ಅಲ್ಲ, ಮ್ಯಾಂಗನೀಸ್ ಎಂಬ ಖನಿಜದ ಪುಡಿ. 1866ರಲ್ಲಿ ಫ್ರಾನ್ಸಿನ ಲೆಕ್ಲಾಂಶೆ ರೂಪಿಸಿದ ಸೆಲ್ಲಿನಿಂದ ಹಿಡಿದು ನಮ್ಮ ಟಾರ್ಚಿನ ಸೆಲ್ಲಿನವರೆಗೆ ವಿದ್ಯುತ್ತನ್ನು ಕೂಡಿಡುವ ಕೆಲಸದಲ್ಲಿ ಅದು ಪಾಲುದಾರ.

ಇಂದು ಗದಗ-ಬೆಟಗೇರಿಯ ರಸ್ತೆಗಳಲ್ಲಿ ಬ್ಯಾಟರಿ ಸ್ಕೂಟರುಗಳು, ಬ್ಯಾಟರಿ ಆಟೋಗಳು ಸದ್ದಿಲ್ಲದೆ ಓಡುತ್ತಿವೆ. ಅವುಗಳ ಹೊಟ್ಟೆಯಲ್ಲಿರುವುದು ಲಿಥಿಯಂ ಬ್ಯಾಟರಿ. ಒಂದು ಬಗೆಯ ಬ್ಯಾಟರಿಗೆ ಲಿಥಿಯಮ್ಮಿನ ಜೊತೆ ನಿಕ್ಕಲ್, ಮ್ಯಾಂಗನೀಸ್, ಕೋಬಾಲ್ಟ್ ಬೇಕು. ಇನ್ನೊಂದು ಬಗೆಗೆ ಕಬ್ಬಿಣ ಮತ್ತು ರಂಜಕ ಸಾಕು. ಎರಡಕ್ಕೂ ಗ್ರಾಫೈಟ್ ಬೇಕು. ಇವೆಲ್ಲ ಒಂದೇ ದೇಶದಲ್ಲಿ ಸಿಗುವ ವಸ್ತುಗಳಲ್ಲ. ಕೋಬಾಲ್ಟಿನ ಬಹುಪಾಲು ಆಫ್ರಿಕಾದ ಕಾಂಗೊ ದೇಶದ ನೆಲದಿಂದ ಬರುತ್ತದೆ. ಲಿಥಿಯಂ ಆಸ್ಟ್ರೇಲಿಯಾದ ಬಂಡೆಯಿಂದ, ಚಿಲಿ ಮತ್ತು ಅರ್ಜೆಂಟೀನಾದ ಉಪ್ಪುನೀರಿನಿಂದ ಬರುತ್ತದೆ. ಇವನ್ನು ಶುದ್ಧಮಾಡುವ ಕಾರ್ಖಾನೆಗಳ ದೊಡ್ಡ ಪಾಲು ಚೀನಾದಲ್ಲಿದೆ. ಹಾಗಾಗಿ ಕೆಲವು ವರ್ಷಗಳಿಂದ ಪತ್ರಿಕೆಗಳಲ್ಲಿ ಒಂದು ಮಾತು ಮೇಲಿಂದ ಮೇಲೆ ಕಾಣಿಸುತ್ತಿದೆ: ಖನಿಜಗಳಿಗಾಗಿ ದೇಶ ದೇಶಗಳ ನಡುವೆ 'ಸಹಕಾರ'.

ಈ ಮಾತು ಕಿವಿಗೆ ಹಿತವಾಗಿದೆ. ಅದನ್ನು ಕೇಳಿದಾಗ ಇದು ನಮ್ಮ ಕಾಲದ ಹೊಸ ವಿಚಾರವೆಂದು, ದೂರದ ರಾಜಧಾನಿಗಳಿಗೆ ಸೇರಿದ್ದೆಂದು ಅನಿಸುವುದು ಸಹಜ. ಆದರೆ ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ನಡುವೆ ಬದುಕುವ ನಮಗೆ ಇದು ಹೊಸದಲ್ಲ. ಗಡಿಗಳನ್ನು ದಾಟಿ ಖನಿಜ ಸಾಗಿಸುವ ಒಪ್ಪಂದವೊಂದು ನೂರು ವರ್ಷಗಳಿಗೂ ಹಿಂದೆ ನಮ್ಮ ಮನೆಯ ಮುಂದೆಯೇ ಹಾದುಹೋಗಿದೆ. ಅದರ ಕಥೆಯನ್ನು ನೆನೆಯುವುದು ಈಗ ಅಗತ್ಯವೆಂದು ನಮಗೆ ತೋರುತ್ತದೆ.

ಒಂದು ಗುಡ್ಡ, ಹಲವು ಒಡೆಯರು

ಗದಗಿನ ಬಿಂಕದಕಟ್ಟಿಯ ಕಡೆಯಿಂದ ಆರಂಭವಾಗಿ ತುಂಗಭದ್ರೆಯ ದಂಡೆಯ ಸಿಂಗಟಾಲೂರಿನವರೆಗೆ ಚಾಚಿಕೊಂಡಿರುವುದು ಕಪ್ಪತಗುಡ್ಡ. ಗದಗ, ಶಿರಹಟ್ಟಿ, ಮುಂಡರಗಿ ಈ ಮೂರೂ ತಾಲ್ಲೂಕುಗಳಿಗೆ ಅದು ಬೆನ್ನೆಲುಬು. ಔಷಧಿ ಗಿಡಗಳಿಗೆ ಹೆಸರಾದ ಈ ಗುಡ್ಡದ ಹೊಟ್ಟೆಯಲ್ಲಿ ಚಿನ್ನ, ಕಬ್ಬಿಣ, ಮ್ಯಾಂಗನೀಸ್ ಇವೆ.

ಇಂದು ಇದೆಲ್ಲ ಒಂದೇ ಜಿಲ್ಲೆ. 1947ಕ್ಕೆ ಮುಂಚೆ ಹಾಗಿರಲಿಲ್ಲ. ಗದಗ, ಮುಂಡರಗಿ, ಡಂಬಳ ಬ್ರಿಟಿಷರ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿದ್ದವು. ಫಕೀರೇಶ್ವರರ ಶಿರಹಟ್ಟಿ ಸಾಂಗ್ಲಿಯ ಪಟವರ್ಧನರ ಸಂಸ್ಥಾನದಲ್ಲಿತ್ತು. ದೂದಪೀರಾಂ ದರ್ಗಾ ಮತ್ತು ಸೋಮೇಶ್ವರ ದೇವಾಲಯಗಳ ಲಕ್ಷ್ಮೇಶ್ವರ ಮೀರಜ್ ಸಂಸ್ಥಾನದ ಪಾಲು. ಪೂರ್ವಕ್ಕೆ ನಾಲ್ಕು ಹೆಜ್ಜೆ ಇಟ್ಟರೆ ಕೊಪ್ಪಳ. ಅದು ಹೈದರಾಬಾದಿನ ನಿಜಾಮರ ರಾಜ್ಯದೊಳಗೆ ಸಾಲಾರ್‌ಜಂಗರ ಜಹಗೀರು. ತುಂಗಭದ್ರೆಯನ್ನು ದಾಟಿದರೆ ಹೂವಿನಹಡಗಲಿ. ಅದು ಮದರಾಸು ಪ್ರಾಂತ್ಯ. ಸಂತೆಗೆ ಹೋಗಿ ಬರುವ ರೈತನೊಬ್ಬ ಒಂದೇ ದಿನದಲ್ಲಿ ಎರಡು ಮೂರು ಸರಕಾರಗಳ ನೆಲ ತುಳಿಯುತ್ತಿದ್ದ.

ಖನಿಜಕ್ಕೆ ಈ ಗಡಿಗಳ ಹಂಗಿರಲಿಲ್ಲ. ಮಳೆಗಾಲ ಬಂದಾಗ ಗುಡ್ಡದಿಂದ ಇಳಿಯುವ ಹಳ್ಳಗಳ ಉಸುಕಿನಲ್ಲಿ ಚಿನ್ನದ ಕಣಗಳು ಹರಿದು ಬರುತ್ತಿದ್ದವು. ಅವನ್ನು ತೊಳೆದು ತೆಗೆಯುವ ಕಸುಬಿನ ಜನರಿದ್ದರು. ಅವರನ್ನು ಜಾಲಗಾರರು ಎನ್ನುತ್ತಿದ್ದರು. ಉಸುಕನ್ನು ನೀರಿನಲ್ಲಿ ಮತ್ತೆ ಮತ್ತೆ ತೊಳೆದು, ಹಗುರಾದದ್ದನ್ನು ಹರಿಯಬಿಟ್ಟು, ತಳದಲ್ಲಿ ಉಳಿದ ಭಾರದ ಕಪ್ಪು ಮರಳಿನಿಂದ ಚಿನ್ನ ಹೆಕ್ಕುವ ವಿದ್ಯೆ ಅವರದು. ಶ್ರೀಮಂತಿಕೆ ತಂದುಕೊಡುವ ಕಸುಬು ಅದಾಗಿರಲಿಲ್ಲ. ಆದರೆ ಯಾವ ಹಳ್ಳದಲ್ಲಿ, ಯಾವ ತಿರುವಿನಲ್ಲಿ, ಎಂಥ ಮಳೆಯ ನಂತರ ಚಿನ್ನ ಸಿಗುತ್ತದೆ ಎಂಬ ತಿಳಿವಳಿಕೆ ಅವರ ಕೈಯಲ್ಲಿತ್ತು.

ಈ ತಿಳಿವಳಿಕೆಯನ್ನು ಕಾಗದಕ್ಕೆ ಇಳಿಸಿದವರಲ್ಲಿ ಮುಖ್ಯನಾದವನು ರಾಬರ್ಟ್ ಬ್ರೂಸ್ ಫೂಟ್. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯ ಈ ಅಧಿಕಾರಿ ಡಂಬಳದ ಗುಡ್ಡಗಳಲ್ಲಿ, ಅಂದರೆ ನಮ್ಮ ಕಪ್ಪತಗುಡ್ಡದಲ್ಲಿ ಅಲೆದು, ಇಲ್ಲಿನ ಚಿನ್ನದ ಶಿಲೆಗಳ ಬಗ್ಗೆ 1874ರಲ್ಲಿ ವರದಿ ಪ್ರಕಟಿಸಿದ. ಮುಂದೆ ಈ ಬಗೆಯ ಶಿಲೆಗಳಿಗೆ 'ಧಾರವಾಡ ಶಿಲೆಗಳು' ಎಂಬ ಹೆಸರು ಬಂದು, ಅದು ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲಿ ನಿಂತಿತು. ಹಳ್ಳದ ಉಸುಕು ತೊಳೆಯುತ್ತಿದ್ದವರ ಹೆಸರು ಮಾತ್ರ ಯಾವ ಪುಸ್ತಕದಲ್ಲೂ ನಿಲ್ಲಲಿಲ್ಲ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಧಾರವಾಡದ ಹೆಸರನ್ನು ಹೊತ್ತ ಬ್ರಿಟಿಷ್ ಕಂಪನಿಗಳು ಹೊಸೂರು, ಕಬಲಾಯತಕಟ್ಟಿ ಮುಂತಾದ ಕಡೆ ಸುರಂಗ ತೋಡಿದವು. ಮ್ಯಾಕ್ಲಾರೆನ್ ಎಂಬ ಭೂವಿಜ್ಞಾನಿ 1906ರಲ್ಲಿ ದಕ್ಷಿಣ ಭಾರತದ ಚಿನ್ನದ ನೆಲೆಗಳ ಬಗ್ಗೆ ಬರೆದಾಗ ಈ ಸೀಮೆಯನ್ನೂ ಸೇರಿಸಿದ. ಕೋಲಾರದ ಹಾಗೆ ಇಲ್ಲಿಯೂ ಹಣ ಹರಿಯುವುದೆಂದು ಪಾಲು ಬಂಡವಾಳ ಹೂಡಿದವರು ನಂಬಿದ್ದರು. ಚಿನ್ನ ಬಂತು, ಆದರೆ ಖರ್ಚು ಹುಟ್ಟುವಷ್ಟು ಬರಲಿಲ್ಲ. ಕೆಲವೇ ವರ್ಷಗಳಲ್ಲಿ ಗಣಿಗಳು ಮುಚ್ಚಿದವು. ಆ ದಿನಗಳ ಒಂದು ಗುರುತು ಇಂದಿಗೂ ಉಳಿದಿದೆ. ಗದಗ ಚಿನ್ನದ ನೆಲೆಯ ಹಳೆಯ ಗಣಿಯೊಂದನ್ನು ಭೂವಿಜ್ಞಾನಿಗಳು ಈಗಲೂ 'ಸಾಂಗ್ಲಿ ಗಣಿ' ಎಂದೇ ಕರೆಯುತ್ತಾರೆ. ಸಂಸ್ಥಾನ ಹೋಯಿತು, ಗಡಿ ಹೋಯಿತು. ಗುಂಡಿ ಮತ್ತು ಅದರ ಹೆಸರು ಉಳಿದವು.

ರೈಲು ಮತ್ತು ಉಪ್ಪು

ಚಿನ್ನವನ್ನು ಜೇಬಿನಲ್ಲಿ ಇಟ್ಟುಕೊಂಡು ಗಡಿ ದಾಟಬಹುದು. ಕಬ್ಬಿಣ, ಮ್ಯಾಂಗನೀಸ್ ಹಾಗಲ್ಲ. ಅವು ಸಾವಿರಾರು ಟನ್ನುಗಳಲ್ಲಿ ಸಾಗಬೇಕು. ಅದಕ್ಕೆ ರೈಲು ಬೇಕು, ಬಂದರು ಬೇಕು, ಮತ್ತು ನಡುವೆ ಇರುವ ಸರಕಾರಗಳ ಒಪ್ಪಿಗೆ ಬೇಕು. ಇಲ್ಲಿಂದ ನಮ್ಮ ಕಥೆಯ ಮುಖ್ಯ ಭಾಗ ಶುರುವಾಗುತ್ತದೆ.

1878ರ ಡಿಸೆಂಬರ್ 26ರಂದು ಲಿಸ್ಬನ್ನಿನಲ್ಲಿ ಬ್ರಿಟನ್ ಮತ್ತು ಪೋರ್ಚುಗಲ್ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಗೋವೆಗೂ ಬ್ರಿಟಿಷ್ ಇಂಡಿಯಾಕ್ಕೂ ನಡುವೆ ಸುಂಕದ ಗೋಡೆ ತೆಗೆಯುವುದು, ಮರ್ಮಗೋವಾ ಬಂದರಿನಿಂದ ಗಡಿಯವರೆಗೆ ರೈಲುದಾರಿ ಹಾಕಿ ಅದನ್ನು ಬ್ರಿಟಿಷ್ ರೈಲಿಗೆ ಜೋಡಿಸುವುದು ಅದರ ಮುಖ್ಯ ಅಂಶಗಳು. ಇದಕ್ಕೆ ಪ್ರತಿಯಾಗಿ ಬ್ರಿಟಿಷರು ಗೋವೆಯ ಉಪ್ಪಿನ ತಯಾರಿಕೆಯ ಮೇಲೆ ಹಿಡಿತ ಪಡೆದರು. ವರ್ಷಕ್ಕೆ 4 ಲಕ್ಷ ರೂಪಾಯಿಗಳನ್ನು ಪೋರ್ಚುಗೀಸ್ ಸರಕಾರಕ್ಕೆ ಕೊಡಲು ಒಪ್ಪಿದರು. 1880ರಿಂದ 12 ವರ್ಷ ಈ ಒಪ್ಪಂದ ಜಾರಿಯಲ್ಲಿತ್ತು.

ಎರಡು ಸರಕಾರಗಳ ಕಣ್ಣಿನಲ್ಲಿ ಇದು ಒಳ್ಳೆಯ ಸಹಕಾರವೇ. ಆದರೆ ಗೋವೆಯ ಉಪ್ಪಿನ ಗದ್ದೆಗಳಲ್ಲಿ ತಲೆತಲಾಂತರದಿಂದ ದುಡಿಯುತ್ತಿದ್ದವರ ಕಸುಬಿಗೆ ಅದು ಹೊಡೆತ ಕೊಟ್ಟಿತು. ಅವರು ಒಪ್ಪಂದಕ್ಕೆ ಸಹಿ ಹಾಕಿದವರಲ್ಲ. ಅವರನ್ನು ಕೇಳಿದವರೂ ಇಲ್ಲ. ರೈಲು ಬೇಕಾದವರು ಬೇರೆ, ಅದರ ಬೆಲೆ ತೆತ್ತವರು ಬೇರೆ.

ಇತ್ತ ನಮ್ಮ ಕಡೆ, 1876-78ರ ಭೀಕರ ಬರಗಾಲದ ನೆನಪು ಇನ್ನೂ ಹಸಿಯಾಗಿತ್ತು. ಬರ ಬಂದಾಗ ಧಾನ್ಯ ಸಾಗಿಸಲು ರೈಲು ಬೇಕೆಂಬ ವಾದ ಬಲವಾಗಿತ್ತು. 1882ರಲ್ಲಿ ದಕ್ಷಿಣ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. 1884ರಲ್ಲಿ ಹೋಟಗಿಯಿಂದ ವಿಜಾಪುರದ ಮೇಲೆ ಹಾದು ಗದಗಿಗೆ ರೈಲು ಬಂತು. ಮುಂದೆ ಪೂರ್ವಕ್ಕೆ ಹೊಸಪೇಟೆ, ಪಶ್ಚಿಮಕ್ಕೆ ಹುಬ್ಬಳ್ಳಿಯ ಕಡೆ ದಾರಿ ಬೆಳೆದು ಗದಗ ಜಂಕ್ಷನ್ ಆಯಿತು. 1888ರಲ್ಲಿ ಕ್ಯಾಸಲ್‌ರಾಕ್ ಘಟ್ಟವನ್ನು ಇಳಿದು ಮರ್ಮಗೋವಾಕ್ಕೆ ಹೋಗುವ ಪೋರ್ಚುಗೀಸ್ ದಾರಿ ತೆರೆಯಿತು. ಆ ದಾರಿಯ ಒಡೆತನವೂ ಲಂಡನ್ನಿನ ಕಂಪನಿಯದೇ. 1902ರಲ್ಲಿ ಅದನ್ನು ಓಡಿಸುವ ಹೊಣೆಯನ್ನು ದಕ್ಷಿಣ ಮರಾಠಾ ರೈಲ್ವೆಯೇ ವಹಿಸಿಕೊಂಡಿತು. ಎರಡು ಸಾಮ್ರಾಜ್ಯಗಳು, ಎರಡು ಕಂಪನಿಗಳು, ಓಡುವುದು ಮಾತ್ರ ಒಂದೇ ರೈಲು.

ಬರಗಾಲದ ಹೆಸರಿನಲ್ಲಿ ಬಂದ ರೈಲು ಗದಗಿನಿಂದ ಹೆಚ್ಚಾಗಿ ಹೊತ್ತದ್ದು ಅರಳೆಯನ್ನು. ಆಮೇಲೆ ಅದರ ಗಾಡಿಗಳಲ್ಲಿ ಕಪ್ಪು ಕಲ್ಲು ತುಂಬತೊಡಗಿತು. ಕಪ್ಪತಗುಡ್ಡದ ಸುತ್ತಲಿನ ಮೂರು ಪಟ್ಟಣಗಳಾದ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಿಗೆ ಮಾತ್ರ ಇಂದಿಗೂ ರೈಲಿಲ್ಲ. ಸರಕು ಎಲ್ಲಿಂದ ಎಲ್ಲಿಗೆ ಹೋಗಬೇಕೋ ಅದನ್ನು ನೋಡಿ ಹಳಿ ಹಾಕಿದರೇ ಹೊರತು ಜನ ಎಲ್ಲಿದ್ದಾರೆಂದು ನೋಡಿ ಅಲ್ಲ.

ಐದು ಸರಕಾರಗಳ ನೆಲದಲ್ಲಿ ಒಂದು ಕಲ್ಲು

ಮ್ಯಾಂಗನೀಸ್ ಇಲ್ಲದೆ ಗಟ್ಟಿ ಉಕ್ಕು ಆಗುವುದಿಲ್ಲ. ಯುರೋಪು ಮತ್ತು ಅಮೆರಿಕಗಳ ಉಕ್ಕಿನ ಕಾರ್ಖಾನೆಗಳಿಗೆ ಅದು ಅನ್ನದಲ್ಲಿ ಉಪ್ಪಿದ್ದ ಹಾಗೆ. ಆಗ ಅದನ್ನು ಹೇರಳವಾಗಿ ಒದಗಿಸುತ್ತಿದ್ದದ್ದು ರಷ್ಯಾದ ಆಳ್ವಿಕೆಯಲ್ಲಿದ್ದ ಕಾಕಸಸ್ ಸೀಮೆ. 1904-05ರಲ್ಲಿ ರಷ್ಯಾ ಜಪಾನಿನೊಡನೆ ಯುದ್ಧಕ್ಕೆ ಇಳಿಯಿತು. 1905ರಲ್ಲಿ ಒಳಗೇ ಕ್ರಾಂತಿ ಎದ್ದಿತು. ಕಾಕಸಸ್ಸಿನಿಂದ ಅದಿರು ಬರುವುದು ಏರುಪೇರಾಯಿತು, ಬೆಲೆ ಏರಿತು. ಯುರೋಪಿನ ವ್ಯಾಪಾರಿಗಳ ಕಣ್ಣು ಭಾರತದ ಗುಡ್ಡಗಳ ಮೇಲೆ ಬಿತ್ತು. ಎರಡು ಮೂರು ವರ್ಷಗಳಲ್ಲಿ ಭಾರತ ಜಗತ್ತಿಗೆ ಮ್ಯಾಂಗನೀಸ್ ಒದಗಿಸುವ ದೇಶಗಳ ಮುಂಚೂಣಿಗೆ ಬಂತು. ಲೂಯಿಸ್ ಲೀ ಫರ್ಮರ್ 1909ರಲ್ಲಿ ಭಾರತದ ಮ್ಯಾಂಗನೀಸ್ ನಿಕ್ಷೇಪಗಳ ಮೇಲೆ ದೊಡ್ಡ ಗ್ರಂಥವನ್ನೇ ಹೊರತಂದ.

ಒಂದು ದೇಶ ಕೈಕೊಟ್ಟರೆ ಇನ್ನೊಂದು ಇರಲಿ ಎಂದು ಹುಡುಕುವ ಇಂದಿನ ಖನಿಜ ರಾಜಕಾರಣಕ್ಕೂ ಇದಕ್ಕೂ ಎಷ್ಟು ಹೋಲಿಕೆ! ಆಗ ಕಾಕಸಸ್ಸಿನ ಬದಲಿಗೆ ಭಾರತ ಬೇಕಾಗಿತ್ತು. ಈಗ ಚೀನಾದ ಬದಲಿಗೆ ಬೇರೆ ಬೇರೆ ದೇಶಗಳು ಬೇಕಾಗಿವೆ.

ನಮ್ಮ ಕಡೆ ಮ್ಯಾಂಗನೀಸಿನ ದೊಡ್ಡ ನೆಲೆ ಸಂಡೂರು. ಅದು ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನ. ಅಲ್ಲಿ ಅದಿರು ತೆಗೆಯುವ ಹಕ್ಕನ್ನು ಯುರೋಪಿನ ಬಂಡವಾಳದ ಜನರಲ್ ಸಂಡೂರು ಮೈನಿಂಗ್ ಕಂಪನಿ ಪಡೆಯಿತು. ಮುಂದೆ ಹೊಸಪೇಟೆಯಿಂದ ಗುಡ್ಡದ ಬುಡದ ಸಾಮೇಹಳ್ಳಿಯವರೆಗೆ ಕವಲು ಹಳಿ ಬಂತು.

ಈ ಕಲ್ಲು ಹಿಡಿದ ದಾರಿಯನ್ನು ಒಮ್ಮೆ ಕಲ್ಪಿಸಿಕೊಳ್ಳೋಣ. ಸಂಡೂರಿನ ಕೂಲಿಕಾರರು ಅಗೆದು ಹೊತ್ತು ತಂದ ಅದಿರು ಮೊದಲು ಸಂಸ್ಥಾನದ ಗಡಿ ದಾಟಿ ಮದರಾಸು ಪ್ರಾಂತ್ಯದ ಹೊಸಪೇಟೆಗೆ ಬರುತ್ತದೆ. ತುಂಗಭದ್ರೆಯ ಸೇತುವೆ ದಾಟಿದರೆ ನಿಜಾಮರ ರಾಜ್ಯ. ಕೊಪ್ಪಳ, ಬನ್ನಿಕೊಪ್ಪ ದಾಟಿದರೆ ಮುಂಬಯಿ ಪ್ರಾಂತ್ಯ. ಹರ್ಲಾಪುರ, ಕಣಗಿನಹಾಳ, ಗದಗ, ಹುಬ್ಬಳ್ಳಿ, ಲೋಂಡಾ. ಕ್ಯಾಸಲ್‌ರಾಕಿನಲ್ಲಿ ಪೋರ್ಚುಗೀಸರ ಗಡಿ. ಘಟ್ಟ ಇಳಿದರೆ ಮರ್ಮಗೋವಾ ಬಂದರು. ಅಲ್ಲಿಂದ ಹಡಗು ಹತ್ತಿ ಸಮುದ್ರದಾಚೆಗೆ. ಸಂಡೂರು, ಮದರಾಸು, ಹೈದರಾಬಾದು, ಮುಂಬಯಿ, ಗೋವೆ ಹೀಗೆ ಐದು ಆಡಳಿತಗಳ ನೆಲವನ್ನು ಒಂದು ಕಲ್ಲು ತಡೆಯಿಲ್ಲದೆ ದಾಟಿಹೋಗುತ್ತಿತ್ತು.

ಅದೇ ಕಾಲದಲ್ಲಿ ಈ ಗಡಿಗಳು ಜನರಿಗೆ ಇಷ್ಟು ಸಲೀಸಾಗಿರಲಿಲ್ಲ. ಕನ್ನಡ ಮಾತಾಡುವವರು ಹತ್ತಾರು ಆಡಳಿತಗಳಲ್ಲಿ ಹಂಚಿಹೋಗಿದ್ದೇವೆಂಬ ಸಂಕಟದಿಂದಲೇ ಏಕೀಕರಣದ ಚಳವಳಿ ಹುಟ್ಟಿತು. ಜನರನ್ನು ಒಂದುಗೂಡಿಸಲು 1956ರವರೆಗೆ ಕಾಯಬೇಕಾಯಿತು. ಕಲ್ಲನ್ನು ಒಂದು ದಾರಿಗೆ ತರಲು ಕೆಲವೇ ವರ್ಷ ಸಾಕಾದವು. ಗಡಿ ಎಂಬುದು ಯಾರಿಗೆ ಗೋಡೆ, ಯಾರಿಗೆ ಬಾಗಿಲು ಎಂಬುದನ್ನು ನಮಗೆ ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ಸಿಗಲಾರದು.

ಅದಿರು ಕಚ್ಚಾ ಕಲ್ಲಾಗಿಯೇ ಹೋಯಿತು. ಅದನ್ನು ಕರಗಿಸಿ ಉಕ್ಕಿಗೆ ಬೆರೆಸುವ ವಿದ್ಯೆ, ಅದರ ಕೂಲಿ, ಅದರ ಲಾಭ ಎಲ್ಲವೂ ಸಮುದ್ರದಾಚೆಗೆ. ನಮ್ಮಲ್ಲಿ ಉಳಿದದ್ದು ಸಂಸ್ಥಾನಕ್ಕೆ ಬಂದ ರಾಜಧನ, ಕೂಲಿಕಾರರ ದಿನಗೂಲಿ ಮತ್ತು ಗುಡ್ಡದ ಗಾಯ.

ಹಳಿಯ ಪಕ್ಕದ ಇನ್ನೊಂದು ಸಹಕಾರ

ಈ ದಾರಿಯಲ್ಲಿ ನಾವು ಕಣಗಿನಹಾಳದ ಹೆಸರು ಹೇಳಿದೆವು. ಗದಗಿನ ಮಗ್ಗುಲಲ್ಲಿರುವ ಈ ಊರನ್ನು ದಾಟಿ ಮುಂದೆ ಹೋಗುವುದು ನ್ಯಾಯವಲ್ಲ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷ, 1905ರ ಮೇ 8ರಂದು, ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ನೋಂದಣಿಯಾಯಿತು. ಏಷ್ಯಾದಲ್ಲೇ ಇಂಥ ಮೊದಲ ಸಂಘವೆಂಬ ಹೆಗ್ಗಳಿಕೆ ಅದರದು.

ಬರದಿಂದ, ಸಾಹುಕಾರರ ಬಡ್ಡಿಯಿಂದ ಬಸವಳಿದ ರೈತರು ತಾವೇ ಸೇರಿ ಕಟ್ಟಿಕೊಂಡ ಸಂಘ ಅದು. ಆ ಕಾಯ್ದೆಯ ಪ್ರಕಾರ ಹಳ್ಳಿಯ ಸಂಘಗಳಲ್ಲಿ ಸದಸ್ಯರ ಹೊಣೆಗೆ ಮಿತಿಯಿರಲಿಲ್ಲ. ಒಬ್ಬನ ಸಾಲಕ್ಕೆ ಎಲ್ಲರೂ ಜವಾಬ್ದಾರರು. ಹಾಗಾಗಿ ಸಾಲ ಕೊಡುವ ಮೊದಲು ಎಲ್ಲರೂ ಕೂತು ಮಾತಾಡಲೇಬೇಕು. ಸಹಕಾರ ಎಂದರೆ ಪಾಲು, ಹೊಣೆ ಮತ್ತು ಮಾತು. ಈ ಮೂರೂ ಒಂದೇ ಕೈಯಲ್ಲಿ ಇರುವುದೇ ಅದರ ತಿರುಳು.

ಸಂಡೂರಿನ ಅದಿರು ತುಂಬಿದ ಗೂಡ್ಸ್ ರೈಲು ಇದೇ ಊರಿನ ಪಕ್ಕದಲ್ಲಿ ಓಡುತ್ತಿದ್ದಾಗ ಇಲ್ಲಿನ ರೈತರು ತಮ್ಮ ಸಂಘದ ಲೆಕ್ಕ ಬರೆಯುತ್ತಿದ್ದರು. ಎರಡಕ್ಕೂ ಸಹಕಾರವೆಂದೇ ಹೆಸರು ಕೊಡಬಹುದು. ಒಂದರಲ್ಲಿ ಪಾಲು ಕಂಪನಿಗೆ, ಹೊಣೆ ಗುಡ್ಡದ ಬುಡದವರಿಗೆ, ಮಾತು ಸರಕಾರಗಳಿಗೆ ಹಂಚಿಹೋಗಿತ್ತು. ಇನ್ನೊಂದರಲ್ಲಿ ಮೂರೂ ಊರವರಲ್ಲೇ ಇದ್ದವು. ಖನಿಜದ ಒಪ್ಪಂದಗಳನ್ನು ಅಳೆಯಲು ನಮಗೆ ಹೊರಗಿನ ಮಾಪಕ ಬೇಕಿಲ್ಲ. ಕಣಗಿನಹಾಳವೇ ಸಾಕು.

ಗಡಿಗಳು ಹೋದ ಮೇಲೆ

1948ರ ಮಾರ್ಚಿನಲ್ಲಿ ಸಾಂಗ್ಲಿ, ಮೀರಜ್ ಸಂಸ್ಥಾನಗಳು ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾದವು. 1949ರಲ್ಲಿ ಸಂಡೂರು ಮದರಾಸಿಗೆ ಸೇರಿತು. 1956ರಲ್ಲಿ ಎಲ್ಲವೂ ಒಂದೇ ರಾಜ್ಯಕ್ಕೆ ಬಂದವು. 1961ರಲ್ಲಿ ಗೋವೆ ಭಾರತಕ್ಕೆ ಸೇರಿತು. 1997ರಲ್ಲಿ ಗದಗ ಜಿಲ್ಲೆಯಾಯಿತು. ಮೇಲೆ ಹೇಳಿದ ಗಡಿಗಳಲ್ಲಿ ಒಂದೂ ಹಳೆಯ ರೂಪದಲ್ಲಿ ಉಳಿಯಲಿಲ್ಲ. ಆದರೆ ಅದಿರಿನ ದಾರಿ ಬದಲಾಗಲಿಲ್ಲ.

2000ದ ನಂತರ ಚೀನಾದಲ್ಲಿ ಕಬ್ಬಿಣದ ಅದಿರಿಗೆ ಬೇಡಿಕೆ ಏರಿದಾಗ ಬಳ್ಳಾರಿ ಸೀಮೆಯ ಗುಡ್ಡಗಳು ಕರಗತೊಡಗಿದವು. ಅಂದಿನ 63ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ ದಾಟಿ ಅಂಕೋಲೆಯ ಕಡೆಗೆ ಲಾರಿಗಳ ಸಾಲು ನಿಂತಿತು. ರಸ್ತೆಯ ಬದಿಯ ಗಿಡಗಳ ಎಲೆ ಕೆಂಪಾದದ್ದನ್ನು ನಾವೆಲ್ಲ ಕಂಡಿದ್ದೇವೆ. ಬೇಲೆಕೇರಿ ಬಂದರಿನಲ್ಲಿ 2010ರಲ್ಲಿ ವಶಪಡಿಸಿಕೊಂಡಿದ್ದ ಅದಿರಿನ ಬಹುಭಾಗ ಕಾಣೆಯಾಯಿತು. ಕರ್ನಾಟಕ ಮತ್ತು ಆಂಧ್ರದ ನಡುವಿನ ಗಡಿಗುರುತುಗಳನ್ನೇ ಗಣಿಗಾಗಿ ಅಳಿಸಲಾಗಿದೆಯೆಂಬ ದೂರು ತನಿಖೆಗೆ ಒಳಗಾಯಿತು. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು 2011ರ ಜುಲೈಯಲ್ಲಿ ಸಲ್ಲಿಸಿದ ವರದಿ ಬೊಕ್ಕಸಕ್ಕಾದ ನಷ್ಟವನ್ನು 16,085 ಕೋಟಿ ರೂಪಾಯಿ ಎಂದು ಲೆಕ್ಕಹಾಕಿತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು.

ಅದೇ ದಿನಗಳಲ್ಲಿ ಗಡಿಯಾಚೆಯ ಇನ್ನೊಂದು ಕಂಪನಿ ನಮ್ಮ ಬಾಗಿಲಿಗೇ ಬಂದಿತ್ತು. 2010ರಲ್ಲಿ ದಕ್ಷಿಣ ಕೊರಿಯಾದ ಪೋಸ್ಕೊ ಕಂಪನಿ ಉಕ್ಕಿನ ಕಾರ್ಖಾನೆಗಾಗಿ ರಾಜ್ಯ ಸರಕಾರದೊಡನೆ ಒಪ್ಪಂದ ಮಾಡಿಕೊಂಡಿತು. ಅದಕ್ಕೆ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯಲ್ಲಿ ಮೂರು ಸಾವಿರ ಎಕರೆಗೂ ಮಿಕ್ಕ ಭೂಮಿ ಗುರುತಿಸಲಾಯಿತು. ರೈತರಲ್ಲಿ ಎರಡು ಅಭಿಪ್ರಾಯವಿದ್ದವು ಎಂಬುದನ್ನು ಮುಚ್ಚಿಡಬೇಕಿಲ್ಲ. ಬರಡು ಭೂಮಿಗೆ ಬೆಲೆ ಬಂದರೆ ಮಕ್ಕಳಿಗೆ ನೌಕರಿಯಾದೀತು ಎಂದು ಆಸೆಪಟ್ಟವರೂ ಇದ್ದರು. ಭೂಮಿ ಹೋದರೆ ಮತ್ತೆ ಬಾರದೆಂದು ಅಂಜಿದವರೂ ಇದ್ದರು. ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರು ರೈತರ ಪರವಾಗಿ ನಿಂತರು. ಹೋರಾಟ ಬೆಳೆದು 2011ರ ಜುಲೈಯಲ್ಲಿ ಸರಕಾರ ಹಳ್ಳಿಗುಡಿಯ ಯೋಜನೆ ಕೈಬಿಟ್ಟಿತು. 2013ರಲ್ಲಿ ಕಂಪನಿ ಕರ್ನಾಟಕದಿಂದಲೇ ಹಿಂದೆ ಸರಿಯಿತು.

ಮುಂದಿನ ಸರದಿ ಕಪ್ಪತಗುಡ್ಡದ್ದು. 2015ರ ಡಿಸೆಂಬರಿನಲ್ಲಿ ಸರಕಾರ ಅದನ್ನು ಸಂರಕ್ಷಿತ ಮೀಸಲು ಪ್ರದೇಶವೆಂದು ಘೋಷಿಸಿ, 2016ರ ನವೆಂಬರಿನಲ್ಲಿ ಆ ಘೋಷಣೆಯನ್ನು ಹಿಂತೆಗೆದುಕೊಂಡಿತು. ಚಿನ್ನದ ಗಣಿಗೆ ದಾರಿ ಬಿಡಿಸಲೆಂದೇ ಹೀಗಾಯಿತೆಂದು ಜನ ನಂಬಿದರು. 2017ರ ಫೆಬ್ರುವರಿಯಲ್ಲಿ ಗದಗಿನಲ್ಲಿ ಅಹೋರಾತ್ರಿ ಧರಣಿ ನಡೆಯಿತು. ಸ್ವಾಮೀಜಿಯವರ ಜೊತೆ ಎಲ್ಲ ಜಾತಿ ಧರ್ಮದವರು ಕೂತರು. ಏಪ್ರಿಲಿನಲ್ಲಿ ಸರಕಾರ ಮೀಸಲು ಪ್ರದೇಶದ ಸ್ಥಾನವನ್ನು ಮರಳಿ ಕೊಟ್ಟಿತು. 2019ರಲ್ಲಿ 244 ಚದರ ಕಿಲೋಮೀಟರಿನಷ್ಟು ಪ್ರದೇಶ ವನ್ಯಜೀವಿಧಾಮವಾಯಿತು.

1906ರಲ್ಲಿ ಈ ಗುಡ್ಡದ ಬಗ್ಗೆ ವರದಿ ಬರೆದಾಗ ಜಾಲಗಾರರನ್ನು ಯಾರೂ ಕೇಳಿರಲಿಲ್ಲ. 2017ರಲ್ಲಿ ಜನ ಬೀದಿಗೆ ಬಂದು ಕೇಳಿಸಿದರು. ನೂರು ವರ್ಷಗಳಲ್ಲಿ ನಾವು ಗಳಿಸಿದ್ದು ಇಷ್ಟೇ, ಆದರೆ ಇದು ಚಿಕ್ಕ ಗಳಿಕೆಯಲ್ಲ.

ಈಗ ನಾವು ಯಾವ ತುದಿಯಲ್ಲಿದ್ದೇವೆ?

ಇಂದಿನ ಬ್ಯಾಟರಿ ಖನಿಜಗಳ ಮಾತಿಗೆ ಮರಳೋಣ. ನಮ್ಮ ನೆಲದಲ್ಲಿ ಲಿಥಿಯಂ ಕಡಿಮೆ. ಮಂಡ್ಯ ಜಿಲ್ಲೆಯ ಮರ್ಲಗಲ್ಲದಲ್ಲಿ 1,600 ಟನ್ ಲಿಥಿಯಂ ಇರಬಹುದೆಂಬ ಅಂದಾಜು 2021ರಲ್ಲಿ ಹೊರಬಿತ್ತು. ದೇಶದ ಅಗತ್ಯಕ್ಕೆ ಅದು ಏನೇನೂ ಸಾಲದು. ಹೊರದೇಶಗಳಲ್ಲಿ ಖನಿಜ ಸಂಪಾದಿಸಲೆಂದೇ ಸರಕಾರಿ ಸ್ವಾಮ್ಯದ ಮೂರು ಸಂಸ್ಥೆಗಳು ಸೇರಿ 2019ರಲ್ಲಿ 'ಖನಿಜ್ ಬಿದೇಶ್ ಇಂಡಿಯಾ' ಎಂಬ ಕಂಪನಿ ಕಟ್ಟಿದವು. 2022ರಲ್ಲಿ ಅದು ಆಸ್ಟ್ರೇಲಿಯಾದೊಡನೆ ಒಡಂಬಡಿಕೆ ಮಾಡಿಕೊಂಡಿತು. 2023ರ ಜೂನಿನಲ್ಲಿ ಭಾರತ ಅಮೆರಿಕ ನೇತೃತ್ವದ ಖನಿಜ ಭದ್ರತಾ ಕೂಟಕ್ಕೆ ಸೇರಿತು. 2024ರ ಜನವರಿಯಲ್ಲಿ ಅರ್ಜೆಂಟೀನಾದ ಕಟಮಾರ್ಕಾ ಪ್ರಾಂತ್ಯದ ಸಂಸ್ಥೆಯೊಡನೆ ಒಪ್ಪಂದವಾಗಿ, 15,703 ಹೆಕ್ಟೇರಿನ ಐದು ಲಿಥಿಯಂ ನೆಲೆಗಳಲ್ಲಿ ಶೋಧಿಸುವ ಹಕ್ಕು ಖನಿಜ್ ಬಿದೇಶ್ ಕಂಪನಿಗೆ ಸಿಕ್ಕಿತು. 2025ರ ಜನವರಿಯಲ್ಲಿ ಕೇಂದ್ರ ಸರಕಾರ 16,300 ಕೋಟಿ ರೂಪಾಯಿಗಳ ನಿರ್ಣಾಯಕ ಖನಿಜ ಅಭಿಯಾನಕ್ಕೆ ಒಪ್ಪಿಗೆ ಕೊಟ್ಟಿತು.

ಕಟಮಾರ್ಕಾ ಆಂಡಿಸ್ ಪರ್ವತಗಳ ಒಣ ಸೀಮೆ. ಅಲ್ಲಿ ಲಿಥಿಯಂ ಇರುವುದು ಉಪ್ಪಿನ ಬಯಲುಗಳ ಅಡಿಯ ನೀರಿನಲ್ಲಿ. ಆ ನೀರನ್ನು ಮೇಲೆತ್ತಿ ದೊಡ್ಡ ದೊಡ್ಡ ಮಡುಗಳಲ್ಲಿ ಬಿಸಿಲಿಗೆ ಬಿಟ್ಟು ಆರಿಸಿ ಲಿಥಿಯಂ ತೆಗೆಯುವುದು ಹೆಚ್ಚು ಬಳಕೆಯ ಕ್ರಮ. ಮಳೆಯೇ ಅಪರೂಪವಾದ ಸೀಮೆಯಲ್ಲಿ ಇದರಿಂದ ಸಿಹಿನೀರಿಗೂ ಕುತ್ತು ಬರುತ್ತದೆಂದು ಅಲ್ಲಿನ ಮೂಲನಿವಾಸಿಗಳು ದೂರುತ್ತ ಬಂದಿದ್ದಾರೆ. 2024ರ ಮಾರ್ಚಿನಲ್ಲಿ ಆ ಪ್ರಾಂತ್ಯದ ಅತ್ಯುನ್ನತ ನ್ಯಾಯಾಲಯ ಲೋಸ್ ಪಾಟೋಸ್ ನದಿಯ ಪ್ರದೇಶದಲ್ಲಿ, ಎಲ್ಲ ಯೋಜನೆಗಳ ಒಟ್ಟು ಪರಿಣಾಮದ ಅಧ್ಯಯನವಾಗುವವರೆಗೆ ಹೊಸ ಪರವಾನಗಿ ಕೊಡಬಾರದೆಂದು ತಡೆಯಿತು. ನಮ್ಮ ಕಂಪನಿಯ ನೆಲೆಗಳಿರುವುದು ಅದೇ ನದಿಯ ದಂಡೆಯಲ್ಲಿ ಎಂದಲ್ಲ. ಆದರೆ ಪ್ರಾಂತ್ಯ ಅದೇ, ಉಪ್ಪುನೀರು ಅದೇ ಬಗೆಯದು, ಜನರ ಪ್ರಶ್ನೆಯೂ ಅದೇ.

ಆಗ ಗೋವೆಯ ಉಪ್ಪಿನ ಗದ್ದೆ, ಈಗ ಆಂಡಿಸಿನ ಉಪ್ಪಿನ ಬಯಲು. ಆಗ ನಾವು ಕಲ್ಲು ಕಳಿಸುವ ತುದಿಯಲ್ಲಿದ್ದೆವು. ಈಗ ತರಿಸಿಕೊಳ್ಳುವ ತುದಿಗೆ ಬಂದಿದ್ದೇವೆ. ಕಪ್ಪತಗುಡ್ಡ ಉಳಿಯಿತೆಂದು ಸಂತೋಷಪಟ್ಟ ನಾವು, ನಮ್ಮ ಸ್ಕೂಟರಿನ ಬ್ಯಾಟರಿಗಾಗಿ ಇನ್ನೊಬ್ಬರ ಕಪ್ಪತಗುಡ್ಡ ಕರಗುತ್ತಿದೆಯೇ ಎಂದು ಕೇಳಿಕೊಳ್ಳಬೇಡವೇ?

ಒಳಗಿನ ಸ್ಥಿತಿಯೂ ಆತಂಕ ತರುವಂತಿದೆ. 2025ರ ಸೆಪ್ಟೆಂಬರ್ 8ರಂದು ಕೇಂದ್ರ ಪರಿಸರ ಸಚಿವಾಲಯ ಒಂದು ಆದೇಶ ಹೊರಡಿಸಿತು. ಅಣು ಖನಿಜಗಳು ಮತ್ತು ನಿರ್ಣಾಯಕ ಖನಿಜಗಳ ಗಣಿಗಳಿಗೆ ಪರಿಸರ ಅನುಮತಿ ಕೊಡುವಾಗ ಜನರ ಅಹವಾಲು ಕೇಳುವ ಹಂತದಿಂದ ಅದು ವಿನಾಯಿತಿ ಕೊಟ್ಟಿತು. ರಕ್ಷಣೆಗೆ, ಶುದ್ಧ ಇಂಧನಕ್ಕೆ ಈ ಖನಿಜಗಳು ತುರ್ತಾಗಿ ಬೇಕೆಂಬುದು ಅದಕ್ಕೆ ಕೊಟ್ಟ ಕಾರಣ. ಚಿನ್ನವಾಗಲಿ ಮ್ಯಾಂಗನೀಸ್ ಆಗಲಿ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಕಪ್ಪತಗುಡ್ಡಕ್ಕೆ ಅದು ನೇರವಾಗಿ ತಟ್ಟುವುದಿಲ್ಲ. ಲಿಥಿಯಂ, ನಿಕ್ಕಲ್, ಕೋಬಾಲ್ಟ್, ಗ್ರಾಫೈಟ್ ಪಟ್ಟಿಯಲ್ಲಿವೆ. ಪಟ್ಟಿಗಳು ಬೆಳೆಯಬಲ್ಲವು ಎಂಬುದನ್ನು ಮರೆಯುವಂತಿಲ್ಲ.

ತುರ್ತು ಎಂಬ ಮಾತು 1878ರಲ್ಲೂ ಇತ್ತು, ಬರಗಾಲದ ತುರ್ತು. ಅದು ಸುಳ್ಳೂ ಆಗಿರಲಿಲ್ಲ. ಹೊಗೆಯುಗುಳುವ ಇಂಧನ ಬಿಡಬೇಕೆಂಬ ಇಂದಿನ ತುರ್ತೂ ಸುಳ್ಳಲ್ಲ. ಮಳೆ ತಪ್ಪಿದರೆ ಮೊದಲು ನೋಯುವವರು ಮುಂಡರಗಿ, ಶಿರಹಟ್ಟಿಯ ಒಣಬೇಸಾಯದ ರೈತರೇ. ಬ್ಯಾಟರಿ ಬೇಡ, ಗಣಿಯೇ ಬೇಡ ಎನ್ನುವಷ್ಟು ನಾವು ಮುಗ್ಧರಲ್ಲ. ಹಳೆಯ ಬ್ಯಾಟರಿಗಳಿಂದ ಖನಿಜವನ್ನು ಮರಳಿ ತೆಗೆಯುವ ಕೆಲಸಕ್ಕೆ ದೇಶದಲ್ಲಿ 2022ರಿಂದ ನಿಯಮಗಳಿವೆ. ಅದು ಬೆಳೆದಷ್ಟೂ ಅಗೆತ ಕಡಿಮೆಯಾಗುತ್ತದೆ. ಆದರೂ ಅಗೆಯಲೇಬೇಕಾದ ಕಡೆ, ಅದು ಮರ್ಲಗಲ್ಲವಾಗಲಿ ಕಟಮಾರ್ಕಾ ಆಗಲಿ, ಗುಡ್ಡದ ಬುಡದವರಿಗೆ ಪಾಲು ಮತ್ತು ಮಾತು ಇರಬೇಕು ಎಂಬುದಷ್ಟೇ ನಮ್ಮ ವಾದ. ಹೊಣೆಯನ್ನಂತೂ ಅವರು ಹೇಗೂ ಹೊರುತ್ತಾರೆ.

ಗದಗ ಜಂಕ್ಷನ್ನಿನಲ್ಲಿ ನಿಂತರೆ ಇಂದಿಗೂ ಗೂಡ್ಸ್ ರೈಲುಗಳು ಹಾದುಹೋಗುತ್ತವೆ. ನಿಲ್ದಾಣದಿಂದ ಪೂರ್ವದ ದಾರಿ ಹಿಡಿದರೆ ಕಣಗಿನಹಾಳ. ಎರಡು ಸರಕಾರಗಳು ಖನಿಜಕ್ಕಾಗಿ ಕೈಕುಲುಕುವ ಚಿತ್ರ ಪತ್ರಿಕೆಯಲ್ಲಿ ಬಂದಾಗಲೆಲ್ಲ ಆ ಊರನ್ನು ನೆನೆಯೋಣ. ಅಲ್ಲಿನ ರೈತರು 1905ರಲ್ಲೇ ಉತ್ತರ ಕಂಡುಕೊಂಡಿದ್ದ ಪ್ರಶ್ನೆ ಇದು: ಈ ಸಹಕಾರದಲ್ಲಿ ಸದಸ್ಯರು ಯಾರು?